ಕೂದಲೊಳಗೆ ಕೈ ಹಾಕಿ ನೋಡಿ

ಈ ಸಲದ ಪತ್ರಗಳಲ್ಲಿ ಅರ್ಧ ಒದ್ದೆಯಾಗಿಯೇ ಕೈ ಸೇರಿವೆ. ಒಂದರಲ್ಲಿ ಶಾಯಿ ಹರಡಿ ನಾಯಿಯ ಹೆಸರೇ ಅಳಿಸಿ ಹೋಗಿದೆ. ಕೊಡಗಿನ ಸುಂಟಿಕೊಪ್ಪದ ನಮ್ಮ ತೋಟದಲ್ಲಿ ನಿನ್ನೆ ಒಂದೇ ದಿನ 5 ಇಂಚು ಮಳೆ. ಬಚ್ಚಲ ಒಲೆಯ ಮುಂದೆ ನನ್ನ ಮೂರು ಪೊಮೇರಿಯನ್‌ಗಳು ಬಿದ್ದುಕೊಂಡಿವೆ. ಅವುಗಳ ಪಕ್ಕದಲ್ಲೇ ಮಣೆ ಹಾಕಿಕೊಂಡು ಬರೆಯುತ್ತಿದ್ದೇನೆ. ಅಕ್ಷರದ ಮೇಲೆ ಕೂದಲು ಅಂಟಿದ್ದರೆ ಸಂಪಾದಕರು ಕ್ಷಮಿಸಬೇಕು.

ಪ್ರಶ್ನೆ: ಅಕ್ಕ, ನಮ್ಮ ಬೆಳ್ಳಿಗೆ ಮೂರು ವರ್ಷ. ಮಳೆಗಾಲ ಬಂದರೆ ಮೈಯೆಲ್ಲ ಮುಗ್ಗಲು ವಾಸನೆ. ಕೂದಲು ಪೂರ್ತಿ ಬೋಳಿಸಿಬಿಟ್ಟರೆ ಒಣಗಿಸೋದು ಸುಲಭ ಅಲ್ವಾ?
– ಓದುಗರು, ಗೋಣಿಕೊಪ್ಪ

ಬೋಳಿಸಬೇಡಿ. ನಾನು ಬೋಳಿಸಿ ಕೆಟ್ಟವಳು. ನಮ್ಮ ಗುಂಡು ಬದುಕಿದ್ದಾಗ ಒಂದು ಮೇ ತಿಂಗಳು, ಸೆಕೆ ಅಂತ ಮೈಸೂರಿನ ಒಂದು ಅಂಗಡಿಗೆ ಕರೆದುಕೊಂಡು ಹೋಗಿ ಮಷೀನ್ ಹೊಡೆಸಿದೆ. ಆ ಕೂದಲು ಸರಿಯಾಗಿ ಬರಲು ಒಂದೂವರೆ ವರ್ಷ ಹಿಡಿಯಿತು. ಬೆನ್ನಿನ ಮೇಲೆ ಅಂಗೈಯಗಲ ಜಾಗ ಕೊನೆಯವರೆಗೂ ಹತ್ತಿಯ ಹಾಗೇ ಇತ್ತು. ಪೊಮೇರಿಯನ್‌ಗೆ ಎರಡು ಪದರ ಕೂದಲು. ಒಳಗಿನದು ಮೆತ್ತಗೆ, ದಟ್ಟ. ಹೊರಗಿನದು ನೀಳ, ಸ್ವಲ್ಪ ಒರಟು. ಹೊರಪದರ ಸಣ್ಣ ಮಳೆಯನ್ನು ಒಳಗೆ ಬಿಡುವುದಿಲ್ಲ, ಬಿಸಿಲನ್ನೂ ತಡೆಯುತ್ತದೆ. ಬುಡದವರೆಗೆ ಕತ್ತರಿಸಿದರೆ ಕೆಲವು ನಾಯಿಗಳಿಗೆ ಅದು ಮತ್ತೆ ಸರಿಯಾಗಿ ಬರುವುದೇ ಇಲ್ಲ.

ವಾಸನೆ ಬರೋದು ಕೂದಲು ಉದ್ದ ಇರೋದರಿಂದಲ್ಲ, ಬುಡ ಒಣಗದಿರೋದರಿಂದ. ಮೇಲೆ ಮುಟ್ಟಿದರೆ ಒಣಗಿದ ಹಾಗೇ ಇರುತ್ತದೆ. ಬೆರಳು ಚರ್ಮದವರೆಗೆ ಇಳಿಸಿ ನೋಡಿ, ತಣ್ಣಗೆ ಹತ್ತುತ್ತದೆ. ಹಳೆಯ ಹತ್ತಿಯ ಟವೆಲ್‌ನಿಂದ ಒತ್ತಿ ನೀರು ತೆಗೆಯಿರಿ, ಉಜ್ಜಬೇಡಿ, ಗಂಟಾಗುತ್ತದೆ. ಆಮೇಲೆ ಹೇರ್ ಡ್ರೈಯರ್ ಕಡಿಮೆ ಬಿಸಿಯಲ್ಲಿ ಹಿಡಿದು, ಕೂದಲು ಬೈತಲೆ ತೆಗೆದ ಹಾಗೆ ಬಿಡಿಸುತ್ತ ಬುಡದಿಂದ ಬ್ರಷ್ ಮಾಡಿ. ಕರೆಂಟ್ ಇರೋದಿಲ್ಲ ಅಂತೀರಿ, ಗೊತ್ತು. ನಮ್ಮಲ್ಲೂ ಮೂರು ದಿನದಿಂದ ಇಲ್ಲ. ಬಚ್ಚಲ ಒಲೆಯ ಶಾಖ ಸಾಕು, ಆದರೆ ಕಿಡಿ ಹಾರದಷ್ಟು ದೂರ ಇರಲಿ. ಕಿವಿಯ ಹಿಂದೆ, ಕಂಕುಳಲ್ಲಿ, ಹಿಂಗಾಲಿನ ತೊಡೆಯಲ್ಲಿ ಮೊದಲು ಗಂಟು ಕಟ್ಟುತ್ತದೆ. ಸ್ನಾನ ಈ ಎರಡು ತಿಂಗಳು ಕಡಿಮೆ ಮಾಡಿ. ಹೊರಗೆ ಹೋಗಿ ಬಂದಾಗ ಕಾಲು, ಹೊಟ್ಟೆ ತೊಳೆದು ಒರೆಸಿದರೆ ಸಾಕು. ಅಂಗಾಲು ಮತ್ತು ಗುದದ ಸುತ್ತಲಿನ ಕೂದಲನ್ನು ಮಾತ್ರ ಧಾರಾಳವಾಗಿ ಕತ್ತರಿಸಿ.

ಪ್ರಶ್ನೆ: ನಾಲ್ಕು ದಿನದಿಂದ ನಮ್ಮ ನಾಯಿ ಸೀನುತ್ತಿದೆ. ಒಂದೇ ಹೊಳ್ಳೆಯಿಂದ ಆಗಾಗ ರಕ್ತ. ಮೂಗಿಗೆ ಪೆಟ್ಟು ಬಿದ್ದಿರಬಹುದಾ? ತೋಟದಲ್ಲೆಲ್ಲ ಓಡಾಡುತ್ತದೆ.
– ಓದುಗರು, ಭಾಗಮಂಡಲ

ತೋಡಿನ ನೀರು ಕುಡಿಯುತ್ತದೆಯಾ? ಹಾಗಿದ್ದರೆ ಮೂಗಿನೊಳಗೆ ಜಿಗಣೆ ಇರುವ ಸಾಧ್ಯತೆ ಜಾಸ್ತಿ. ನೀರು ಕುಡಿಯುವಾಗ ಸಣ್ಣದೊಂದು ಹತ್ತಿಕೊಳ್ಳುತ್ತದೆ, ಒಳಗೇ ರಕ್ತ ಕುಡಿದು ದಪ್ಪವಾಗುತ್ತದೆ. ನೀವು ಉಪ್ಪುನೀರು ಬಿಡಲು ಹೋಗಬೇಡಿ, ಡಾಕ್ಟರ ಹತ್ತಿರ ಹೋಗಿ. ನಮ್ಮ ಪಶುವೈದ್ಯರು ತೆಗೆದದ್ದನ್ನು ನಾನು ನೋಡಿದ್ದೇನೆ. ನಾಯಿಗೆ ಸ್ವಲ್ಪ ಹೊತ್ತು ನೀರು ಕೊಡದೆ ಇಟ್ಟು, ಆಮೇಲೆ ಮೂಗಿನ ಹತ್ತಿರ ನೀರಿನ ತಟ್ಟೆ ಹಿಡಿದರು. ಜಿಗಣೆ ನೀರಿನ ಆಸೆಗೆ ಮೂತಿ ಹೊರಗೆ ಚಾಚಿತು. ಚಿಮಟದಲ್ಲಿ ಹಿಡಿದು ಎಳೆದರು. ಕಾದದ್ದು ಅರ್ಧ ಗಂಟೆ, ಎಳೆದದ್ದು ಅರೆಕ್ಷಣ.

ಮೈಮೇಲಿನ ಜಿಗಣೆಗೆ ಅಷ್ಟು ಹೆದರಬೇಕಿಲ್ಲ. ಅದು ಬಿದ್ದ ಮೇಲೂ ರಕ್ತ ಸೋರುತ್ತಿರುತ್ತದೆ, ಬಿಳಿ ಕೂದಲಿನ ಮೇಲೆ ಕೊಲೆಯಾದ ಹಾಗೆ ಕಾಣುತ್ತದೆ, ಅಷ್ಟೇ. ನಾವು ಕಾಲಿಗೆ ಹಚ್ಚಿಕೊಳ್ಳುವ ಹೊಗೆಸೊಪ್ಪು, ಸುಣ್ಣ ನಾಯಿಗೆ ಮಾತ್ರ ಬೇಡ. ಅದು ನೆಕ್ಕುತ್ತದೆ, ಹೊಗೆಸೊಪ್ಪು ಅದಕ್ಕೆ ವಿಷ.

ನನಗೆ ಜಿಗಣೆಗಿಂತ ಭಯ ಉಣುಗಿನದು. ಜಿಗಣೆ ಕಾಣುತ್ತದೆ, ಉಣುಗು ಕೂದಲಿನ ಕೆಳಗೆ ಒಂದು ವಾರ ಇದ್ದರೂ ಗೊತ್ತಾಗುವುದಿಲ್ಲ. ಉಣುಗು ಜ್ವರ ಬಂದರೆ ನಾಯಿ ಊಟ ಬಿಡುತ್ತದೆ, ಮೈ ಸುಡುತ್ತದೆ, ಒಸಡು ಬಿಳಚಿಕೊಳ್ಳುತ್ತದೆ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ನಾಳೆ ನೋಡೋಣ ಅನ್ನಬೇಡಿ. ಅವತ್ತೇ ರಕ್ತ ಪರೀಕ್ಷೆ ಆಗಬೇಕು. ದಿನಾ ಸಂಜೆ ಕಿವಿಯೊಳಗೆ, ಬೆರಳಿನ ಸಂದಿಯಲ್ಲಿ, ಕತ್ತಿನ ಪಟ್ಟಿಯ ಕೆಳಗೆ ಕೈಯಾಡಿಸಿ. ಟಿವಿ ನೋಡುತ್ತಲೇ ಮಾಡಬಹುದು.

ಪ್ರಶ್ನೆ: ತೋಟದಲ್ಲಿ ಆಫ್ರಿಕನ್ ಬಸವನಹುಳು ಕಾಟ. ಮಾತ್ರೆ ಹಾಕಿದ್ದೇವೆ. ನಾಯಿಗೆ ತೊಂದರೆಯಾ?
– ಓದುಗರು, ಶನಿವಾರಸಂತೆ

ಹೌದು, ದೊಡ್ಡ ತೊಂದರೆ. ಆ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಇರೋದು ಮೆಟಾಲ್ಡಿಹೈಡ್ ಎಂಬ ವಿಷ. ತೌಡು, ಬೆಲ್ಲ ಸೇರಿಸಿ ಇಡುತ್ತೀರಿ, ನಾಯಿಗೆ ಅದು ತಿಂಡಿಯೇ. ತಿಂದ ಸ್ವಲ್ಪ ಹೊತ್ತಿಗೇ ನಡುಕ, ಫಿಟ್ಸ್ ಶುರುವಾಗಬಹುದು. 3 ಕಿಲೋ ನಾಯಿಗೆ ಬಹಳ ಬೇಕಿಲ್ಲ. ವಾಂತಿ ಮಾಡಿಸುತ್ತ ಕೂರಬೇಡಿ, ಪ್ಯಾಕೆಟ್ ಸಮೇತ ಡಾಕ್ಟರ ಹತ್ತಿರ ಓಡಿ. ಮಾತ್ರೆ ಹಾಕಿದ ಕಡೆಗೆ ಈ ಮಳೆಗಾಲ ನಾಯಿಯನ್ನು ಬಿಡಲೇಬೇಡಿ.

ಪ್ರಶ್ನೆ: ಮೇಡಂ, ನನ್ನದು ಬಿಳಿ ಪೊಮೇರಿಯನ್, 7 ಕಿಲೋ. ಎಲ್ಲರೂ ಚೆನ್ನಾಗಿದೆ ಅಂತಾರೆ. ಡಾಗ್ ಶೋಗೆ ಹಾಕಬಹುದಾ? ಪೇಪರ್ಸ್ ಇಲ್ಲ.
– ಕಾಲೇಜು ವಿದ್ಯಾರ್ಥಿ, ವಿರಾಜಪೇಟೆ

ಬೇಜಾರು ಮಾಡ್ಕೋಬೇಡಪ್ಪ. ನಿನ್ನದು ಪೊಮೇರಿಯನ್ ಅಲ್ಲ, ಇಂಡಿಯನ್ ಸ್ಪಿಟ್ಜ್ ಇರಬೇಕು. ನಮ್ಮ ಕಡೆ ಬಿಳಿ ಕೂದಲು, ಚೂಪು ಮೂತಿ ಇದ್ದದ್ದಕ್ಕೆಲ್ಲ ಪೊಮೇರಿಯನ್ ಅಂತಲೇ ಹೆಸರು. ನನ್ನ ಮೊದಲ 'ಪೊಮೇರಿಯನ್' ಕೂಡ ಸ್ಪಿಟ್ಜೇ, ಗೊತ್ತಾಗುವ ಹೊತ್ತಿಗೆ ಅದಕ್ಕೆ ಒಂಬತ್ತು ವರ್ಷ. ನಮ್ಮ ಹವೆಗೆ ಸ್ಪಿಟ್ಜ್ ಇನ್ನೂ ಚೆನ್ನಾಗಿ ಒಗ್ಗುತ್ತದೆ. ಕೆನಲ್ ಕ್ಲಬ್ ಆಫ್ ಇಂಡಿಯಾದಲ್ಲಿ ಅದಕ್ಕೂ ತಳಿಯ ಮಾನ್ಯತೆ ಇದೆ. ಶೋ ನಾಯಿಗೆ ನೋಂದಣಿ, ಮೈಕ್ರೋಚಿಪ್ ಬೇಕು. ನಿನ್ನ ಹತ್ತಿರದ ಕ್ಲಬ್‌ನವರನ್ನೇ ಕೇಳಿ ನೋಡು.

ಇಂದಿನ ಶೋ ಪೊಮೇರಿಯನ್ ಬಲು ಚಿಕ್ಕದು, ಎತ್ತರ 18ರಿಂದ 24 ಸೆಂಟಿಮೀಟರ್. ಹೆಸರು ಬಂದದ್ದು ಬಾಲ್ಟಿಕ್ ಕಡಲ ತೀರದ ಪೊಮೆರೇನಿಯಾದಿಂದ. ಆಗೆಲ್ಲ ಇವು ದೊಡ್ಡ ನಾಯಿಗಳೇ. ವಿಕ್ಟೋರಿಯಾ ರಾಣಿ 1888ರಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ಮಾರ್ಕೋ ಎಂಬ ಚಿಕ್ಕ ನಾಯಿಗೆ ಮನಸೋತ ಮೇಲೆ ಚಿಕ್ಕದೇ ಫ್ಯಾಷನ್ ಆಯಿತು. ಆ ಮಾರ್ಕೋ 5 ಕಿಲೋಗಿಂತ ಜಾಸ್ತಿ ತೂಗುತ್ತಿತ್ತು. ಇವತ್ತಿನ ಶೋ ರಿಂಗಿಗೆ ತಂದರೆ ರಾಣಿಯ ನಾಯಿಗೂ ನಿನ್ನ ನಾಯಿಯ ಗತಿಯೇ.

ಒಂದು ಮಾತು. ಜಡ್ಜ್ ಮೇಜಿನ ಮೇಲೆ ನಿಲ್ಲಿಸಿದಾಗ ಕೂದಲು ನೋಡಿ ಸುಮ್ಮನಾಗುವುದಿಲ್ಲ. ಒಳಗೆ ಕೈ ಹಾಕಿ ಭುಜ, ಪಕ್ಕೆ, ಮಂಡಿ ಎಲ್ಲ ಮುಟ್ಟುತ್ತಾರೆ, ಬಾಯಿ ತೆರೆದು ಹಲ್ಲು ನೋಡುತ್ತಾರೆ, ಆಮೇಲೆ ನಡೆಸುತ್ತಾರೆ. ನಾನು ಒಮ್ಮೆ ಮೂರು ಗಂಟೆ ಬಾಚಿ ಕರೆದುಕೊಂಡು ಹೋದ ಚಿನ್ನು, ರಿಂಗಿನಲ್ಲಿ ನಾಲ್ಕು ಹೆಜ್ಜೆಗೊಮ್ಮೆ ಹಿಂಗಾಲು ಎತ್ತಿ ಕುಂಟಿದಳು. ಮನೆಯಲ್ಲೂ ಹಾಗೇ ಮಾಡುತ್ತಿದ್ದಳು, ನಾವು ಅದನ್ನು 'ಡ್ಯಾನ್ಸ್' ಎನ್ನುತ್ತಿದ್ದೆವು. ಮಂಡಿಚಿಪ್ಪು ಜಾರುತ್ತಿತ್ತು. ಈ ತಳಿಯಲ್ಲಿ ಅದು ಮಾಮೂಲಿ. ಬಹುಮಾನ ಬರಲಿಲ್ಲ, ರೋಗ ಗೊತ್ತಾಯಿತು.

ಪ್ರಶ್ನೆ: ಖುಷಿಯಾದಾಗ, ಚೈನ್ ಎಳೆದಾಗ ಬಾತುಕೋಳಿ ಕೂಗಿದ ಹಾಗೆ ಕೆಮ್ಮುತ್ತದೆ. ಶೀತವಾ?
– ಓದುಗರು, ಮಡಿಕೇರಿ

ಶ್ವಾಸನಾಳ ಒಳಗೆ ಕುಸಿಯುವ ತೊಂದರೆ ಇರಬಹುದು. ತೋರಿಸಿ. ಕತ್ತಿನ ಪಟ್ಟಿ ಇವತ್ತೇ ತೆಗೆದು ಎದೆಗೆ ಹಾಕುವ ಹಾರ್ನೆಸ್ ತನ್ನಿ. ತೂಕ ಜಾಸ್ತಿ ಇದ್ದರೆ ಇಳಿಸಿ. ಬಿಸ್ಕತ್ತು ಕೊಡೋದು ಯಾರು ಅಂತ ಮನೆಯಲ್ಲಿ ವಿಚಾರಿಸಿ, ಅಜ್ಜ ಇದ್ದರೆ ಅವರಿಂದಲೇ ಶುರು ಮಾಡಿ.

ಪ್ರಶ್ನೆ: ಬಸ್ ಸ್ಟ್ಯಾಂಡ್ ಹತ್ತಿರ ಒಂದು ಪೊಮೇರಿಯನ್ ಸಿಕ್ಕಿತು. ಯಾರೋ ಪಾಪಿಗಳು ಬಿಟ್ಟು ಹೋಗಿದ್ದಾರೆ. ನಮ್ಮಲ್ಲಿ ಇನ್ನೊಂದು ನಾಯಿ ಇದೆ. ಇಟ್ಟುಕೊಳ್ಳಬಹುದಾ?
– ಓದುಗರು, ಸೋಮವಾರಪೇಟೆ

ಇಟ್ಟುಕೊಳ್ಳಿ. ಪಾಪಿಗಳು ಅನ್ನೋದನ್ನು ಮಾತ್ರ ಸ್ವಲ್ಪ ತಡೆಯಿರಿ.

2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗ ಜನ ಉಟ್ಟ ಬಟ್ಟೆಯಲ್ಲೇ ಪರಿಹಾರ ಕೇಂದ್ರಕ್ಕೆ ಬಂದರು. ನಾಯಿ, ದನ ಹಿಂದೆ ಉಳಿದವು. ಮಕ್ಕಂದೂರು ಕಡೆಯಿಂದ ಜೀಪಿನಲ್ಲಿ ಬಂದ ಹುಡುಗರು ನನ್ನ ಕೈಗೆ ಒಂದು ಗೋಣಿಚೀಲ ಕೊಟ್ಟು, ನಾಯಿ ಅಂದರು. ಕಂಡದ್ದು ಕೆಸರಿನ ಮುದ್ದೆ. ಪರವಾಗಿಲ್ಲ, ಮೈ ತುಂಬಿಕೊಂಡಿದೆ ಅಂದುಕೊಂಡೆ. ಡಾಕ್ಟರು ಚಾಪೆಯ ಹಾಗೆ ಹೆಣೆದುಕೊಂಡಿದ್ದ ಕೂದಲು ತೆಗೆದು ತೂಗಿದರೆ 2 ಕಿಲೋ ಕೂಡ ಇಲ್ಲ. ಬಾಯಲ್ಲಿ ಮೂರು ಹಲ್ಲು. ಅಜ್ಜಿ ಅಂತಲೇ ಕರೆದೆವು. ಮೂರು ವಾರದ ಮೇಲೆ ಫೋಟೋ ನೋಡಿ ಒಬ್ಬ ಹುಡುಗ ಹುಡುಕಿಕೊಂಡು ಬಂದ. ಅಜ್ಜಿ ಅವನ ಧ್ವನಿ ಕೇಳಿದ್ದೇ ಬಚ್ಚಲಿನಿಂದ ಎದ್ದು ಬಂದಳು. ಅವಳ ನಿಜವಾದ ಹೆಸರು ರೂಬಿ. ಆದರೆ ಅವರಿದ್ದ ಬಾಡಿಗೆ ಮನೆಯಲ್ಲಿ ನಾಯಿ ಕೂಡದು ಎಂದಿದ್ದರಂತೆ. ಅವನು ಅವಳನ್ನು ಮಡಿಲಲ್ಲಿ ಇಟ್ಟುಕೊಂಡು ಒಂದು ಗಂಟೆ ಕೂತಿದ್ದು, ಬಿಟ್ಟು ಹೋದ. ನಾಲ್ಕು ವರ್ಷ ನಮ್ಮಲ್ಲೇ ಇದ್ದಳು.

ಆದ್ದರಿಂದ ಮೊದಲು ಫೋಟೋ ಹಾಕಿ, ಬಸ್ ಸ್ಟ್ಯಾಂಡಿನ ಅಂಗಡಿಯವರಿಗೆ, ಪೊಲೀಸ್ ಠಾಣೆಗೆ ತಿಳಿಸಿ. ಡಾಕ್ಟರ ಹತ್ತಿರ ಮೈಕ್ರೋಚಿಪ್ ಇದೆಯಾ ನೋಡಿಸಿ. ಎರಡು ವಾರ ನಿಮ್ಮ ನಾಯಿಯಿಂದ ಬೇರೆ ಇಡಿ, ತಟ್ಟೆಯೂ ಬೇರೆ. ಬಡಕಲಾಗಿದ್ದರೆ ಕರುಣೆಯಿಂದ ಒಂದೇ ಸಲ ಹೊಟ್ಟೆ ತುಂಬಿಸಬೇಡಿ. ಉಪ್ಪಿಲ್ಲದ ಗಂಜಿ, ಬೇಯಿಸಿದ ಕೋಳಿ, ಸ್ವಲ್ಪ ಸ್ವಲ್ಪ, ನಾಲ್ಕೈದು ಸಲ. ಹಂದಿಮಾಂಸದ ಪಂದಿ ಕರಿ ಬೇಡ, ಅದರ ಕೊಬ್ಬು, ಈರುಳ್ಳಿ ಎರಡೂ ಆಗದು. ಗಂಟಾದ ಕೂದಲಿಗೆ ಮನೆಯ ಕತ್ತರಿ ಹಾಕಬೇಡಿ, ಚರ್ಮ ಗಂಟಿನೊಳಗೇ ಸೇರಿಕೊಂಡಿರುತ್ತದೆ. ಡಾಕ್ಟರು ಬೋಳಿಸಲಿ. ಮೊದಲ ಪತ್ರಕ್ಕೆ ಬೋಳಿಸಬೇಡಿ ಎಂದವಳು ಇಲ್ಲಿ ಬೋಳಿಸಿ ಅನ್ನುತ್ತಿದ್ದೇನೆ, ಇಲ್ಲಿ ಬೇರೆ ದಾರಿಯಿಲ್ಲ.

ಪ್ರಶ್ನೆ: ಕೊಡವರ ಕಕ್ಕಡ ತಿಂಗಳ ಹದಿನೆಂಟರಂದು ಮಾಡುವ ಮದ್ದು ಸೊಪ್ಪಿನ ಪಾಯಸ ನಾಯಿಗೂ ಕೊಡಬಹುದಾ? ಮಗಳು ಕೇಳುತ್ತಿದ್ದಾಳೆ.
– ಓದುಗರು, ನಾಪೋಕ್ಲು

ಬೇಡ ಅಂತ ಹೇಳಿ. ಬೆಲ್ಲ, ತೆಂಗಿನಹಾಲು ಅದರ ಹೊಟ್ಟೆಗೆ ಭಾರ. ಇನ್ನೊಂದು ಕಾರಣವೂ ಇದೆ. ಆ ಪಾಯಸ ತಿಂದ ಮೇಲೆ ನಮಗೆ ಮೂತ್ರ ಕೆಂಪಾಗುತ್ತದೆ, ಮದ್ದು ಮೈಗೆ ಹತ್ತಿತು ಅಂತ ನಗುತ್ತೇವೆ. ನಾಯಿಗೂ ಹಾಗೇ ಆಗಿಬಿಟ್ಟರೆ, ಅದು ಪಾಯಸದ ಕೆಂಪೋ ಉಣುಗು ಜ್ವರದ ಕೆಂಪೋ ಅಂತ ರಾತ್ರಿ ಹನ್ನೊಂದಕ್ಕೆ ನನಗೆ ಫೋನ್ ಮಾಡುತ್ತೀರಿ. ಕಕ್ಕಡ ಹದಿನೆಂಟು ಅಂದರೆ ಆಗಸ್ಟ್ 3, ಅವತ್ತು ನಾನೂ ಪಾಯಸ ತಿಂದು ಮಲಗಿರುತ್ತೇನೆ.