ನೆರೆ ನಕ್ಷೆಯ ನೀಲಿ ಗೆರೆ, ರೈಲು ಏರಿಯ ಬಳಿಯೇ ಏಕೆ ನಿಲ್ಲುತ್ತದೆ?

ಪತ್ರ: ನಮ್ಮ ಮನೆಗೂ ಹಳ್ಳಕ್ಕೂ ನಡುವೆ ರೈಲು ಹಳಿಯ ಎತ್ತರದ ಏರಿ ಇದೆ. ನೆರೆ ನಕ್ಷೆಯಲ್ಲಿ ನೀಲಿ ಬಣ್ಣ ಆ ಏರಿಯವರೆಗೆ ಬಂದು ನಿಂತಿದೆ, ನಮ್ಮ ಬದಿ ಪೂರ್ತಿ ಬಿಳಿ. ಆದರೆ ಕಳೆದ ಸಲ ಹಳ್ಳ ಉಕ್ಕಿದಾಗ ನಮ್ಮ ರಸ್ತೆಯಲ್ಲಿ ಮೊಣಕಾಲುದ್ದ ನೀರು ಹರಿಯಿತು. ನಾವು ನಕ್ಷೆಯನ್ನು ನಂಬಬೇಕೇ, ಕಣ್ಣನ್ನು ನಂಬಬೇಕೇ?

ಸಂಪಾದಕರ ಉತ್ತರ: ಕಣ್ಣನ್ನೇ ನಂಬಿ. ಗೆರೆ ಎಳೆದವರು ಆ ಏರಿಯನ್ನು ಏನೆಂದು ಭಾವಿಸಿದರು ಎಂಬುದರ ಮೇಲೆ ನಿಮ್ಮ ಬದಿಯ ಬಿಳಿ ಬಣ್ಣ ನಿಂತಿದೆ.

ರೈಲು ಕಡಿದಾದ ಏರು ಹತ್ತಲಾರದು. ಆದ್ದರಿಂದ ಹಳಿ ಹಾಕುವವರು ದಿಣ್ಣೆ ಕಡಿದು, ತಗ್ಗಿಗೆ ಮಣ್ಣು ತುಂಬಿ ಮಟ್ಟ ಕಾಯ್ದುಕೊಳ್ಳುತ್ತಾರೆ. ಹಳ್ಳದ ಬಯಲಿಗೆ ಅಡ್ಡ ಬಿದ್ದ ಆ ಮಣ್ಣು, ಯಾರೂ ಬಯಸದಿದ್ದರೂ ಒಡ್ಡಾಗುತ್ತದೆ. ಏರಿಯ ಅಡಿಯಲ್ಲಿ ಹಳ್ಳ ದಾಟಲು ಬಿಟ್ಟ ಮೋರಿ ಸಾಗಿಸಬಲ್ಲದ್ದಕ್ಕಿಂತ ಹೆಚ್ಚು ನೀರು ಬಂದರೆ ಮೇಲ್ಬದಿಯಲ್ಲಿ ಹಿನ್ನೀರು ಏರುತ್ತದೆ, ಏರಿಯ ಬುಡ ಹಿಡಿದು ಪಕ್ಕಕ್ಕೆ ಸರಿಯುತ್ತದೆ. ರಸ್ತೆ ಹಳಿಯ ಕೆಳಗೆ ನುಸುಳುವಲ್ಲೋ, ಲೆವೆಲ್ ಕ್ರಾಸಿಂಗ್ ತಗ್ಗಿನಲ್ಲಿರುವಲ್ಲೋ ಆಚೆಗೆ ನುಗ್ಗುತ್ತದೆ. ಆ ಜಾಗ ಹಳ್ಳದಿಂದ ಬಹಳ ದೂರವಿರಬಹುದು. ಅಲ್ಲಿಂದ ಮುಂದೆ ರಸ್ತೆಯೇ ಕಾಲುವೆ. ನುಣುಪಾದ ಡಾಂಬರಿನ ಮೇಲೆ ನೀರು ಹುಲ್ಲಿನ ಮೇಲಿಗಿಂತ ವೇಗವಾಗಿ ಓಡುತ್ತದೆ. ನಿಮ್ಮ ಮನೆಯ ಮುಂದೆ ಹರಿದದ್ದು ಹೀಗೆ ಸುತ್ತಿ ಬಂದ ನೀರೇ ಇರಬೇಕು.

ನಕ್ಷೆಗೆ ಇದು ಏಕೆ ಕಾಣಲಿಲ್ಲ? ಇಂದು ನೆಲದ ಮಟ್ಟವನ್ನು ಹೆಚ್ಚಾಗಿ ವಿಮಾನದಿಂದ ಲೇಸರ್ ಬೀರಿ ಅಳೆಯುತ್ತಾರೆ. ಅದಕ್ಕೆ ಏರಿಯ ನೆತ್ತಿ ಚೆನ್ನಾಗಿ ಕಾಣುತ್ತದೆ, ಅಡಿಯಲ್ಲಿರುವ ಮೋರಿ ಕಾಣುವುದಿಲ್ಲ. ಆ ಅಳತೆಯಿಂದ ಕಂಪ್ಯೂಟರಿನಲ್ಲಿ ಕಟ್ಟುವ ನೆಲದ ಮಾದರಿಯಿಂದ ಸೇತುವೆಗಳನ್ನು ಸಾಮಾನ್ಯವಾಗಿ ತೆಗೆದುಹಾಕುತ್ತಾರೆ, ಮೋರಿಯ ಮೇಲಿನ ಮಣ್ಣು ಹಾಗೆಯೇ ಉಳಿಯುತ್ತದೆ. ಹಾಗಾಗಿ ಕಂಪ್ಯೂಟರಿನ ಪಾಲಿಗೆ ಏರಿ ಎಂದರೆ ಕಿಂಡಿಯಿಲ್ಲದ ಗೋಡೆ. ಇದನ್ನು ಸರಿಪಡಿಸಲು ಕೆಲವರು ಏರಿಯನ್ನು ಮಾದರಿಯಲ್ಲಿ ಸೀಳಿಬಿಡುತ್ತಾರೆ. ಆಗ ನೀರು ತಡೆಯೇ ಇಲ್ಲದೆ ದಾಟುತ್ತದೆ, ಹಿನ್ನೀರು ಮಾಯವಾಗುತ್ತದೆ. ಎರಡೂ ತಪ್ಪು. ಮೋರಿಯ ಅಗಲ, ಎತ್ತರ, ಉದ್ದ, ತಳದ ಮಟ್ಟಗಳನ್ನು ಸ್ಥಳಕ್ಕೆ ಹೋಗಿ ಅಳೆದು ಲೆಕ್ಕಕ್ಕೆ ಸೇರಿಸಬೇಕು. ಬೇಸರದ, ಕೆಸರಿನ ಕೆಲಸ. ಇದನ್ನು ಬಿಟ್ಟು ಬಣ್ಣ ತುಂಬಿದ ನಕ್ಷೆಯನ್ನು ಜನರ ಕೈಗೆ ಕೊಡುವುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ.

ಲೆಕ್ಕದ ವಿಧಾನವೂ ಮುಖ್ಯ. ಹಳೆಯ ಏಕಮುಖ ವಿಧಾನ ಹಳ್ಳಕ್ಕೆ ಅಡ್ಡಲಾಗಿ ಒಂದು ಗೆರೆ ಎಳೆದು, ಆ ಗೆರೆಯುದ್ದಕ್ಕೂ ನೀರಿನ ಮಟ್ಟ ಒಂದೇ ಎಂದು ಹಿಡಿಯುತ್ತದೆ. ಏರಿಯ ಆಚೆ ಬೇರೆಯೇ ಮಟ್ಟದಲ್ಲಿ, ಬೇರೆಯೇ ದಿಕ್ಕಿಗೆ ಹರಿಯುವ ನೀರು ಅದರ ಹಿಡಿತಕ್ಕೆ ಸಿಗುವುದಿಲ್ಲ. ನೆಲವನ್ನು ಚೌಕಗಳಾಗಿ ಒಡೆದು ಲೆಕ್ಕ ಹಾಕುವ ಹೊಸ ವಿಧಾನಕ್ಕೆ ಸಿಗುತ್ತದೆ, ಚೌಕಗಳ ಅಂಚು ಏರಿಯ ನೆತ್ತಿಗೆ ಸರಿಯಾಗಿ ಹೊಂದಿಕೊಂಡಿದ್ದರೆ ಮಾತ್ರ.

ಇನ್ನು ಏರಿಯೇ ಕಾಪಾಡುತ್ತದೆ ಎಂಬ ನಂಬಿಕೆ. ರೈಲು ಏರಿ ರೈಲಿನ ಭಾರ ಹೊರಲು ಕಟ್ಟಿದ್ದು. ಒಂದು ಬದಿಯಲ್ಲಿ ನೀರು ಒತ್ತಿ ನಿಂತರೆ ಮಣ್ಣಿನೊಳಗೆ ಜಿನುಗುತ್ತದೆ. ಹಳಿಯ ಮೇಲೆ ಹರಿದರೆ ಜಲ್ಲಿ ಕೊಚ್ಚಿಹೋಗುತ್ತದೆ, ಹಿಂದೆಯೇ ಮಣ್ಣು ಕುಸಿಯುತ್ತದೆ. ಅಮೆರಿಕದ ನೆರೆ ವಿಮೆ ನಕ್ಷೆಗಳಲ್ಲಿ ನದಿ ಒಡ್ಡೊಂದನ್ನು ರಕ್ಷಣೆಯೆಂದು ತೋರಿಸಬೇಕಾದರೆ, ನೆರೆಯ ಮಟ್ಟಕ್ಕಿಂತ ಕನಿಷ್ಠ 3 ಅಡಿ ಹೆಚ್ಚುವರಿ ಎತ್ತರದ ಜೊತೆಗೆ ಅಡಿಪಾಯ, ಜಿನುಗು, ನಿರ್ವಹಣೆಗಳ ದಾಖಲೆಯನ್ನೂ ಕೊಡಬೇಕು. ಸಾಮಾನ್ಯ ರೈಲು ಏರಿಗೆ ಅಂಥ ದಾಖಲೆ ಎಲ್ಲಿಂದ ಬರಬೇಕು? 1938ರ ಜೂನ್ 19ರಂದು ಅಮೆರಿಕದ ಮೊಂಟಾನಾ ರಾಜ್ಯದ ಕಸ್ಟರ್ ಕ್ರೀಕ್ ಎಂಬ ಹಳ್ಳದಲ್ಲಿ ದಿಢೀರ್ ನೆರೆ ಬಂದು ರೈಲು ಸೇತುವೆಯ ಬುಡ ಕೊರೆಯಿತು. ಮೇಲೆ ಹೋಗುತ್ತಿದ್ದ ಪ್ರಯಾಣಿಕರ ರೈಲು ಬಿದ್ದು ಕನಿಷ್ಠ 47 ಮಂದಿ ಸತ್ತರು. ಹಳ್ಳದ ನೀರನ್ನು ಹಗುರವಾಗಿ ಕಾಣಬಾರದು.

ಏರಿಯ ಬಳಿಯ ಗೆರೆಯನ್ನು ಎರಡು ಸಲ ಎಳೆಯಬೇಕು ಎಂಬುದು ನನ್ನ ವಾದ: ಏರಿ ಗಟ್ಟಿಯಾಗಿ ನಿಂತು, ಮೋರಿಗೆ ಕಸಕಡ್ಡಿ ಸಿಕ್ಕಿಕೊಂಡಿದೆ ಎಂದು ಒಮ್ಮೆ, ಏರಿ ಒಡೆದಿದೆ ಎಂದು ಇನ್ನೊಮ್ಮೆ. ಮೊದಲನೆಯದು ಮೇಲ್ಬದಿಯವರ ಅಪಾಯ ತೋರಿಸುತ್ತದೆ, ಎರಡನೆಯದು ನಿಮ್ಮದನ್ನು. ಎರಡನ್ನೂ ಕೂಡಿಸಿ ನಕ್ಷೆಗೆ ಬಣ್ಣ ತುಂಬಬೇಕು. ಮೋರಿಯನ್ನು ದೊಡ್ಡದು ಮಾಡಿಸಿಬಿಡೋಣ ಎಂದು ನಿಮಗೆ ಅನಿಸಬಹುದು. ಹಾಗೆ ಮಾಡಿದರೆ ತಡೆದು ನಿಂತಿದ್ದ ನೀರು ಕೆಳಗಿನವರ ಮನೆಗೆ ಬೇಗ ತಲುಪುತ್ತದೆ. ಅವರ ಲೆಕ್ಕವನ್ನೂ ಹಾಕದೆ ಮೋರಿಯನ್ನು ಮುಟ್ಟಬಾರದು.

'ನೂರು ವರ್ಷಕ್ಕೊಮ್ಮೆ ಬರುವ ನೆರೆ' ಎಂಬ ಮಾತಿನಿಂದಲೂ ನೆಮ್ಮದಿ ಪಡಬೇಡಿ. ಅದರ ಅರ್ಥ, ಪ್ರತಿ ವರ್ಷವೂ ಅದು ಬರುವ ಸಂಭವ 1 ಶೇಕಡಾ. ಹಾಗೆಂದರೆ 30 ವರ್ಷಗಳಲ್ಲಿ ಒಮ್ಮೆಯಾದರೂ ಬರುವ ಸಂಭವ ಸುಮಾರು 26 ಶೇಕಡಾ.

ನೀವು ಮಾಡಬಹುದಾದ ಕೆಲಸ ಒಂದಿದೆ. ಗೋಡೆಯ ಮೇಲೆ ನೀರು ನಿಂತ ಗುರುತು ಇನ್ನೂ ಇದ್ದರೆ ನೆಲದಿಂದ ಅದರ ಎತ್ತರ ಅಳೆದು, ಅಳತೆಪಟ್ಟಿ ಕಾಣುವಂತೆ ಚಿತ್ರ ತೆಗೆಯಿರಿ. ನೀರು ಬಂದ ದಿನ, ಹೊತ್ತು, ಯಾವ ದಿಕ್ಕಿನಿಂದ ಬಂತು, ಮೋರಿ ಕಟ್ಟಿಕೊಂಡಿತ್ತೇ ಎಂಬುದನ್ನು ಬರೆಯಿರಿ. ಮಾದರಿ ಸರಿಯೋ ತಪ್ಪೋ ಎಂದು ತಜ್ಞರು ಇಂಥ ಗುರುತುಗಳಿಗೆ ಹೋಲಿಸಿಯೇ ತೀರ್ಮಾನಿಸುತ್ತಾರೆ. ನಕ್ಷೆ ಪರಿಷ್ಕರಿಸುವ ಕಚೇರಿಗೆ ಅದನ್ನು ಲಿಖಿತವಾಗಿ ಕೊಟ್ಟು, ನಿಮ್ಮ ಬಳಿಯ ಮೋರಿಯನ್ನು ಅಳೆಯಲಾಗಿದೆಯೇ, ಏರಿ ಒಡೆದರೆ ಏನಾಗುತ್ತದೆಂದು ಲೆಕ್ಕ ಹಾಕಲಾಗಿದೆಯೇ ಎಂದು ಕೇಳಿ. ಉತ್ತರ ಬಂದರೆ ನಮಗೂ ಕಳುಹಿಸಿ, ಪ್ರಕಟಿಸುತ್ತೇವೆ.