2/3 ದೊಡ್ಡದೋ, 5/8 ದೊಡ್ಡದೋ?

ಪ್ರಶ್ನೆ: ಆರನೇ ತರಗತಿಯ ಮಗಳು ಕೂಡು–ಕಳೆ ಲೆಕ್ಕ ಚಕಚಕನೆ ಮಾಡುತ್ತಾಳೆ. ಆದರೆ 2/3ಕ್ಕಿಂತ 5/8 ದೊಡ್ಡದು ಅನ್ನುತ್ತಾಳೆ. ಮಿದುಳಿನಲ್ಲಿ ಭಿನ್ನರಾಶಿಗೆ ಬೇರೆಯೇ ಜಾಗ ಇದೆಯೇ?
– ಓದುಗರು, ಶಿವಮೊಗ್ಗ

ಉತ್ತರ: ಪ್ರಮಾಣವನ್ನು ಗ್ರಹಿಸುವ ಮುಖ್ಯ ಜಾಗ ಪೂರ್ಣಸಂಖ್ಯೆ, ಭಿನ್ನರಾಶಿ ಎರಡಕ್ಕೂ ಒಂದೇ. ನೆತ್ತಿಯ ಹಿಂಬದಿಗೆ, ಎಡಬಲಗಳೆರಡರಲ್ಲೂ ಇರುವ ಇಂಟ್ರಾಪೆರೈಟಲ್ ಸಲ್ಕಸ್ ಎಂಬ ಸೀಳು ಅದು. ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಸೈಮನ್ ಜೇಕಬ್ ಮತ್ತು ಆಂಡ್ರಿಯಾಸ್ ನೀಡರ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಯಸ್ಕರಿಗೆ ಒಂದೇ ಬೆಲೆಯ ಭಿನ್ನರಾಶಿಗಳನ್ನು ಮತ್ತೆ ಮತ್ತೆ ತೋರಿಸಿದರು. ಈ ಭಾಗದ ಚಟುವಟಿಕೆ ಇಳಿಯಿತು. ಬೇರೆ ಬೆಲೆಯದು ಬಂದಾಗ ಮತ್ತೆ ಏರಿತು. ಬೆಲೆಯ ಅಂತರ ಹೆಚ್ಚಿದಷ್ಟೂ ಏರಿಕೆಯೂ ಹೆಚ್ಚು. ಅಂದರೆ ಭಿನ್ನರಾಶಿಯನ್ನು ಒಂದೇ ಪ್ರಮಾಣವಾಗಿ ಹಿಡಿಯುವ ಶಕ್ತಿ ಮಿದುಳಿಗಿದೆ.

ತೊಡಕಿರುವುದು ಅಲ್ಲಿಗೆ ತಲುಪುವ ದಾರಿಯಲ್ಲಿ. 5 ಎಂಬ ಅಂಕಿ ಕಂಡೊಡನೆ ಅದರ ಬೆಲೆ ತಾನಾಗಿ ಹೊಳೆಯುತ್ತದೆ, ವರ್ಷಗಟ್ಟಲೆ ರೂಢಿಯಾಗಿದೆ. 5/8ರಲ್ಲಿ ಹಾಗೆ ಹೊಳೆದ ಎರಡು ಬೆಲೆಗಳನ್ನು ಬದಿಗಿಟ್ಟು ಅವುಗಳ ಅನುಪಾತವನ್ನು ನೋಡಬೇಕು. ನಿಮ್ಮ ಮಗಳಿಗೆ 2ಕ್ಕಿಂತ 5, 3ಕ್ಕಿಂತ 8 ದೊಡ್ಡದಾಗಿ ಕಂಡಿದೆ, ಅಷ್ಟೇ. ಸಂಶೋಧಕರು ಇದನ್ನು ಪೂರ್ಣಸಂಖ್ಯೆಯ ಪಕ್ಷಪಾತ ಎನ್ನುತ್ತಾರೆ. ಇದು ದಡ್ಡತನವಲ್ಲ, ದೊಡ್ಡವರೂ ಇಂಥ ಜೋಡಿಗಳಲ್ಲಿ ತಡವರಿಸುತ್ತಾರೆ.

24 ಸೆಂ.ಮೀ. ಉದ್ದದ ಕಾಗದದ ಪಟ್ಟಿ ಕತ್ತರಿಸಿ. ಒಂದು ತುದಿಗೆ 0, ಇನ್ನೊಂದಕ್ಕೆ 1 ಎಂದು ಬರೆಯಿರಿ. 2/3 ಎಲ್ಲಿ ಬರುತ್ತದೆ ಎಂದು ಮಗಳು ಮೊದಲು ಬೆರಳಿಟ್ಟು ಊಹಿಸಲಿ, ಆಮೇಲೆ ಅಳೆಯಲಿ: 16 ಸೆಂ.ಮೀ. 5/8 ಬರುವುದು 15ಕ್ಕೆ. ಊಹೆಯನ್ನು ಬಿಟ್ಟು ನೇರ ಅಳತೆಗೆ ಇಳಿದರೆ ಪ್ರಯೋಜನ ಕಡಿಮೆ.

ಮುಂದೆ ಇನ್ನೊಂದು ತಪ್ಪು ತಲೆಹಾಕುವ ಸಾಧ್ಯತೆ ಇದೆ. ಕೆಲವು ಮಕ್ಕಳು ಅಂಶಕ್ಕೂ ಛೇದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ನೋಡಿ, ಅದು ಕಡಿಮೆ ಇರುವುದೇ ದೊಡ್ಡದು ಎಂದು ತೀರ್ಮಾನಿಸುತ್ತಾರೆ. 2/3ರಲ್ಲಿ ವ್ಯತ್ಯಾಸ 1, 5/8ರಲ್ಲಿ 3, ಉತ್ತರ ಸರಿಬಂತು. ಅದೇ ಉಪಾಯದಿಂದ 1/2 ಮತ್ತು 5/8 ಹೋಲಿಸಿದರೆ ಕೆಡುತ್ತದೆ: ಪಟ್ಟಿಯಲ್ಲಿ 12 ಎಲ್ಲಿ, 15 ಎಲ್ಲಿ! 3/4 ಮತ್ತು 5/6 ಸಮ ಎನ್ನುವುದೂ ಇದೇ ಜಾಡಿನ ತಪ್ಪು. ಹಾಗಾಗಿ ಮೂರೂ ಜೋಡಿಗಳನ್ನು ಬೆರೆಸಿ ಕೇಳಿ.

ಪ್ರಶ್ನೆ: ಅಡ್ಡಗುಣಾಕಾರ ಕಲಿಸಿದರೆ ಸಾಲದೇ?
– ಓದುಗರು, ಧಾರವಾಡ

ಉತ್ತರ: ಉತ್ತರ ಸಿಗುತ್ತದೆ, ಪ್ರಮಾಣದ ಅಂದಾಜು ಸಿಗುವುದಿಲ್ಲ. 2×8=16, 3×5=15 ಎಂದು ಹೋಲಿಸುವಾಗ ನಡೆಯುವುದೆಲ್ಲ ಪೂರ್ಣಸಂಖ್ಯೆಯ ಕೆಲಸವೇ. 1978ರಲ್ಲಿ ಅಮೆರಿಕದ ರಾಷ್ಟ್ರೀಯ ಪರೀಕ್ಷೆಯಲ್ಲಿ 13 ವರ್ಷದವರಿಗೆ 12/13 + 7/8 ಯಾವುದಕ್ಕೆ ಹತ್ತಿರ ಎಂದು ಕೇಳಿ 1, 2, 19, 21 ಎಂಬ ಆಯ್ಕೆ ಕೊಟ್ಟಿದ್ದರು. 2 ಎಂದವರು ಸುಮಾರು ಕಾಲುಭಾಗ ಮಾತ್ರ. ಎರಡೂ ಹೆಚ್ಚುಕಡಿಮೆ ಒಂದೊಂದು ಎಂದು ಕಂಡಿದ್ದರೆ 19 ಅಥವಾ 21ನ್ನು ಆರಿಸುವ ಪ್ರಶ್ನೆಯೇ ಇರಲಿಲ್ಲ.

1/2 + 1/3 = 2/5 ಎಂದು ಬರೆಯುವ ಮಗುವಿಗೂ ನಿಯಮ ಹೇಳುವ ಮೊದಲು ಅದೇ ಪಟ್ಟಿ ಕೊಡಿ. 2/5 ಬರುವುದು 12 ಸೆಂ.ಮೀ.ಗಿಂತ ಹಿಂದೆ, ಅರ್ಧಕ್ಕೆ ಇನ್ನಷ್ಟು ಕೂಡಿಸಿದರೆ ಅರ್ಧಕ್ಕಿಂತ ಕಡಿಮೆಯಾದೀತೇ? 12ಕ್ಕೆ 8 ಸೇರಿಸಿದರೆ 20, ಅಂದರೆ 5/6. ಸಮಛೇದದ ವಿಧಾನವನ್ನು ಇದಾದ ಮೇಲೆ ಕಲಿಸಿ.