ಬೈಕಿನ ಶಾಕ್ ಎಷ್ಟು ಗಟ್ಟಿ ಇರಬೇಕು?

ಪ್ರಶ್ನೆ: ನನ್ನದು 350 ಸಿಸಿ ಬೈಕು, ಹಿಂಭಾಗದಲ್ಲಿ ಎರಡು ಶಾಕ್ ಅಬ್ಸಾರ್ಬರ್‌ಗಳಿವೆ. ನನ್ನ ತೂಕ 64 ಕೆ.ಜಿ. ದಿನವೂ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಒಬ್ಬನೇ ಹೋಗಿಬರುತ್ತೇನೆ. ಭಾನುವಾರ ಪತ್ನಿಯೂ ಜೊತೆಗಿರುತ್ತಾರೆ. ಇಬ್ಬರು ಕುಳಿತಾಗ ಹಂಪ್‌ಗಳ ಮೇಲೆ ಹಿಂಭಾಗ ತಳ ಬಡಿಯುತ್ತಿದೆಯೆಂದು ಹೇಳಿದ್ದಕ್ಕೆ ಮೆಕ್ಯಾನಿಕ್ ಶಾಕ್‌ಗಳನ್ನು ಕೊನೆಯ ಮೆಟ್ಟಿಲಿನವರೆಗೆ ಗಟ್ಟಿ ಮಾಡಿಕೊಟ್ಟರು. ಅಂದಿನಿಂದ ಒಬ್ಬನೇ ಹೋಗುವಾಗ ಸಣ್ಣ ಗುಂಡಿಯೂ ಸೊಂಟಕ್ಕೆ ಹೊಡೆಯುತ್ತದೆ. ಸೀಲ್ ಬದಲಿಸಿದಾಗ ಮುಂದಿನ ಫೋರ್ಕಿಗೆ (ಮುಂಚಕ್ರವನ್ನು ಹಿಡಿದಿರುವ ಜೋಡಿ ಕೊಳವೆಗಳಿಗೆ) ಇಂಜಿನ್ ಆಯಿಲ್ ಹಾಕಿದ್ದು, ಮುಂಭಾಗವೂ ಗಡುಸಾಗಿದೆ. ಬೇರೆ ಶಾಕ್ ಹಾಕಿಸಬೇಕೇ?

ಉತ್ತರ: ಬೇರೆ ಶಾಕ್‌ಗೆ ಹಣ ಹಾಕುವ ಮುನ್ನ ಒಂದು ಅಳತೆ ಟೇಪು ಹಿಡಿದುಕೊಳ್ಳಿ, ಸಾಕು. ನಿಮ್ಮ ಮೆಕ್ಯಾನಿಕ್ ಮಾಡಿದ್ದು ಇಬ್ಬರ ಭಾರಕ್ಕೆ ಸರಿಯಿರಬಹುದು. ಅದೇ ಮೆಟ್ಟಿಲಿನಲ್ಲಿ ವಾರವಿಡೀ ನೀವೊಬ್ಬರೇ ಓಡಾಡುತ್ತಿರುವುದು ತೊಂದರೆಯ ಮೂಲ.

ಶಾಕ್‌ನ ಬುಡದಲ್ಲಿ ತಿರುಗಿಸುವ ಆ ಮೆಟ್ಟಿಲು ಮೆಟ್ಟಿಲಿನ ಉಂಗುರ ಸ್ಪ್ರಿಂಗನ್ನು ಗಟ್ಟಿ ಮಾಡುತ್ತದೆಂಬುದು ಗ್ಯಾರೇಜುಗಳಲ್ಲಿ ಬೇರೂರಿರುವ ಮಾತು. ವಾಸ್ತವದಲ್ಲಿ ಸ್ಪ್ರಿಂಗ್ ಬದಲಾಗುವುದಿಲ್ಲ; ಅದನ್ನು ಒಂದು ಮಿಲಿಮೀಟರ್ ಒತ್ತಲು ಮೊದಲು ಎಷ್ಟು ಭಾರ ಬೇಕಿತ್ತೋ ಈಗಲೂ ಅಷ್ಟೇ ಬೇಕು. ಬದಲಾಗುವುದು, ನೀವು ಕುಳಿತಾಗ ಬೈಕು ಯಾವ ಎತ್ತರದಲ್ಲಿ ನಿಲ್ಲುತ್ತದೆ ಎಂಬುದು. ಇದನ್ನೇ ಪ್ರಿಲೋಡ್ ಎನ್ನುತ್ತಾರೆ. ಪ್ರಿಲೋಡ್ ಮಿತಿಮೀರಿದರೆ ಬೈಕು ತನ್ನ ಚಲನೆಯ ಮೇಲ್ತುದಿಯಲ್ಲೇ ನಿಂತುಬಿಡುತ್ತದೆ. ಆಗ ಚಕ್ರಕ್ಕೆ ಮೇಲೆ ಏರಲು ಜಾಗವಿರುತ್ತದೆ, ಕೆಳಗಿಳಿಯಲು ಇರುವುದಿಲ್ಲ. ಗುಂಡಿ ಬಂದಾಗ ಚಕ್ರವಷ್ಟೇ ಇಳಿಯಬೇಕಾದ ಕಡೆ ಬೈಕು, ನೀವು ಎಲ್ಲ ಒಟ್ಟಿಗೆ ಇಳಿದು, ಗುಂಡಿಯ ಆಚೆ ಅಂಚಿಗೆ ಹೊಡೆಯುತ್ತೀರಿ. ಹಂಪ್ ದಾಟಿದ ಮೇಲೆ ಹಿಂದಿನಿಂದ ‘ಟಕ್’ ಎಂಬ ಸದ್ದು ಬರುತ್ತಿದ್ದರೆ ಅದು ಶಾಕ್ ಪೂರ್ತಿ ಚಾಚಿಕೊಂಡು ಮೇಲ್ತುದಿಗೆ ಬಡಿಯುವ ಸದ್ದಾಗಿರಬಹುದು.

ಆದ್ದರಿಂದ ಅಳೆಯಬೇಕಾದುದು, ನೀವು ಕುಳಿತಾಗ ಹಿಂಭಾಗ ಎಷ್ಟು ಕುಸಿಯುತ್ತದೆ ಎಂಬುದನ್ನು. ಬೈಕನ್ನು ಡಬಲ್ ಸ್ಟ್ಯಾಂಡ್ ಹಾಕಿ; ಹಿಂದಿನ ಚಕ್ರ ನೆಲ ಬಿಟ್ಟಿರಲಿ. ಆಕ್ಸಲ್ ನಟ್ಟಿನ ನಡುವಿನಿಂದ ನೇರ ಮೇಲಕ್ಕೆ, ಸೀಟಿನ ಕೆಳಗೆ ಚಾಸಿಯ ಮೇಲೊಂದು ಬಿಂದುವಿಗೆ ಟೇಪು ಅಂಟಿಸಿ ಗುರುತು ಮಾಡಿ, ಅಂತರ ಬರೆದುಕೊಳ್ಳಿ. ಬಳಿಕ ಸ್ಟ್ಯಾಂಡ್ ತೆಗೆದು, ಹೆಲ್ಮೆಟ್ಟು, ಜಾಕೆಟ್ಟು, ಬೆನ್ನಿನ ಚೀಲ ಸಮೇತ ಕುಳಿತು, ಎರಡೂ ಕಾಲುಗಳನ್ನು ಫುಟ್‌ರೆಸ್ಟಿನ ಮೇಲಿಡಿ. ಒಬ್ಬರು ಹ್ಯಾಂಡಲ್ ಹಿಡಿದಿರಲಿ, ಇನ್ನೊಬ್ಬರು ಅದೇ ಅಂತರವನ್ನು ಮತ್ತೆ ಅಳೆಯಲಿ. ಸೀಲ್ ಮತ್ತು ಬುಷ್‌ಗಳ ಹಿಡಿತದಿಂದ ಅಳತೆ ಕೆಲವು ಮಿಲಿಮೀಟರ್ ಆಚೀಚೆ ಬರುವುದುಂಟು. ಒಮ್ಮೆ ಹಿಂಭಾಗವನ್ನು ಮೆಲ್ಲಗೆ ಒತ್ತಿಬಿಟ್ಟು, ಇನ್ನೊಮ್ಮೆ ಸ್ವಲ್ಪ ಎತ್ತಿಬಿಟ್ಟು ಅಳೆದು ಸರಾಸರಿ ತೆಗೆಯುವುದು ಕ್ಷೇಮ.

ರಸ್ತೆಯ ಸವಾರಿಗೆ ಈ ಕುಸಿತ, ಚಕ್ರದ ಒಟ್ಟು ಚಲನೆಯ ಮೂರನೆಯ ಒಂದು ಭಾಗದ ಆಸುಪಾಸಿನಲ್ಲಿರಬೇಕು. ಚಲನೆ 100 ಮಿ.ಮೀ. ಇದ್ದರೆ 30ರಿಂದ 33 ಮಿ.ಮೀ. ಒಂದು ಉದಾಹರಣೆ ಕೊಡುತ್ತೇನೆ. ಚಕ್ರ ನೆಲ ಬಿಟ್ಟಿದ್ದಾಗ 412 ಮಿ.ಮೀ., ನೀವು ಕುಳಿತಾಗ 398 ಬಂದಿತೆನ್ನಿ. ಕುಸಿತ 14 ಮಾತ್ರ ಆಯಿತು. ಎರಡು ಮೆಟ್ಟಿಲು ಇಳಿಸಿ ಅಳೆದಾಗ 24, ಇನ್ನೊಂದು ಇಳಿಸಿದಾಗ 30 ಬಂದರೆ ಅಲ್ಲೇ ನಿಲ್ಲಿಸಿ. ಇಬ್ಬರು ಕುಳಿತು ಇದೇ ಕ್ರಮದಲ್ಲಿ ಅಳೆದು, ಭಾನುವಾರದ ಮೆಟ್ಟಿಲು ಯಾವುದೆಂದು ಬೇರೆಯಾಗಿ ಗುರುತಿಸಿಕೊಳ್ಳಿ, ಏಕೆಂದರೆ ಹಿಂದೆ ಕುಳಿತವರ ಭಾರದ ಬಹುಪಾಲು ಹಿಂದಿನ ಚಕ್ರದ ಮೇಲೆಯೇ ಬೀಳುತ್ತದೆ. ಆ ದಿನ ಮೆಟ್ಟಿಲು ಏರಿಸದಿದ್ದರೆ ತಳ ಬಡಿಯುವುದರ ಜೊತೆಗೆ ಹೆಡ್‌ಲೈಟಿನ ಬೆಳಕೂ ಮೇಲೇರಿ, ಆಗುಂಬೆ ಘಾಟಿಯಂಥ ಕಡೆ ಎದುರು ಬರುವವರ ಕಣ್ಣು ಕುಕ್ಕುತ್ತದೆ.

ಮೆಟ್ಟಿಲು ಬದಲಿಸಲು ಬೈಕಿನ ಟೂಲ್ ಕಿಟ್‌ನಲ್ಲಿ ಬರುವ ಕೊಕ್ಕೆ ಸ್ಪ್ಯಾನರ್ ಸಾಕು. ಮಳೆಗಾಲದ ಕೆಸರು ಉಂಗುರದ ಸಂದಿಯಲ್ಲಿ ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಮೊದಲು ಅದನ್ನು ತೊಳೆಯದೆ ಬಲ ಹಾಕಿದರೆ ಸ್ಪ್ಯಾನರ್ ಜಾರಿ ಬೆರಳ ಗೆಣ್ಣು ಸುಲಿಯುತ್ತದೆ. ಈ ಮಾತನ್ನು ಅನುಭವದಿಂದ ಹೇಳುತ್ತಿದ್ದೇನೆ. ಡಬಲ್ ಸ್ಟ್ಯಾಂಡ್ ಮೇಲಿದ್ದಾಗಲೇ ತಿರುಗಿಸಿ, ಎಡಬಲ ಎರಡೂ ಒಂದೇ ಮೆಟ್ಟಿಲಿನಲ್ಲಿರುವಂತೆ ನೋಡಿಕೊಳ್ಳಿ.

ಇಷ್ಟಕ್ಕೂ ಮೊದಲು ಟೈರಿನ ಗಾಳಿ ನೋಡಿರಬೇಕು. ಸಣ್ಣ ಜಲ್ಲಿ, ತೇಪೆ ಹಾಕಿದ ಡಾಂಬರು ಇವುಗಳ ಅದುರನ್ನು ಮೊದಲು ನುಂಗುವುದು ಟೈರು, ಶಾಕ್‌ನ ಸರದಿ ಆಮೇಲೆ. ಬೈಕು ಓಡಿಸುವ ಮುನ್ನ, ಟೈರು ತಣ್ಣಗಿರುವಾಗ, ಕಂಪನಿ ಸೂಚಿಸಿದ ಅಂಕಿಗೆ ತನ್ನಿ. ಒಬ್ಬರಿಗೂ ಇಬ್ಬರಿಗೂ ಹಿಂದಿನ ಟೈರಿನ ಅಂಕಿ ಸಾಮಾನ್ಯವಾಗಿ ಬೇರೆಯಿರುತ್ತದೆ. ಪಂಕ್ಚರ್ ಅಂಗಡಿಗಳ ಮೀಟರುಗಳು ಒಂದಕ್ಕೊಂದು ತಾಳೆಯಾಗುವುದು ಅಪರೂಪವಾದ್ದರಿಂದ ಸ್ವಂತದ್ದೊಂದು ಗೇಜ್ ಇಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ಫೋರ್ಕಿನ ವಿಚಾರ. ಇಲ್ಲಿ ಮಾತ್ರ ತಪ್ಪಾಗಿದೆ, ಅದನ್ನು ಸರಿಪಡಿಸಲೇಬೇಕು. ಸ್ಪ್ರಿಂಗ್ ಹೊಡೆತವನ್ನು ಕೂಡಿಟ್ಟುಕೊಂಡು ವಾಪಸು ಕೊಡುತ್ತದೆ. ಹಾಗೆ ವಾಪಸು ಬರುವ ಶಕ್ತಿಯನ್ನು ಶಾಖವಾಗಿಸಿ ಕರಗಿಸುವ ಕೆಲಸ ಎಣ್ಣೆಯದು. ಸಾಧಾರಣ ಫೋರ್ಕುಗಳಲ್ಲಿ ಎಣ್ಣೆ ಸಣ್ಣ ರಂಧ್ರಗಳ ಮೂಲಕ ನುಗ್ಗಿ ಹೋಗಬೇಕು. ಫೋರ್ಕು ನಿಧಾನವಾಗಿ ಕುಗ್ಗುವಾಗ ಎಣ್ಣೆ ಸರಾಗವಾಗಿ ದಾಟುತ್ತದೆ, ಆದರೆ ಗುಂಡಿಯ ಚೂಪಾದ ಅಂಚು ತಗುಲಿದಾಗ ಕ್ಷಣಮಾತ್ರದಲ್ಲಿ ದಾಟಬೇಕಾಗುತ್ತದೆ. ವೇಗ ಇಮ್ಮಡಿಯಾದರೆ ರಂಧ್ರದ ತಡೆ ಸುಮಾರು ನಾಲ್ಕು ಪಟ್ಟಾಗುತ್ತದೆ. ಅಲ್ಲಿ ತೆಳು ಎಣ್ಣೆಯ ಬದಲು ಮಂದವಾದ ಇಂಜಿನ್ ಆಯಿಲ್ ತುಂಬಿದರೆ ಫೋರ್ಕು ಕ್ಷಣಕಾಲ ಕಬ್ಬಿಣದ ಸರಳಿನಂತೆ ವರ್ತಿಸಿ, ಹೊಡೆತವನ್ನು ನೇರ ಮಣಿಕಟ್ಟಿಗೆ ದಾಟಿಸುತ್ತದೆ. ಮಲೆನಾಡಿನ ಚಳಿಯ ಬೆಳಗಿನಲ್ಲಿ ಇದು ಇನ್ನೂ ಹೆಚ್ಚು. ಆ ಎಣ್ಣೆಯನ್ನು ಪೂರ್ತಿ ಬಸಿದು, ಬೈಕಿನ ಕೈಪಿಡಿ ಹೇಳುವ ದರ್ಜೆಯ ಫೋರ್ಕ್ ಆಯಿಲನ್ನು ಫೋರ್ಕಿನ ಎರಡೂ ಕೊಳವೆಗಳಿಗೆ ಅಳೆದು ಹಾಕಿಸಿ. ಅಂದಾಜಿನಲ್ಲಿ ಸುರಿಯುವುದು ಬೇಡ: ಎಣ್ಣೆಯ ಮೇಲೆ ಉಳಿಯುವ ಗಾಳಿಯೂ ಒಂದು ಸ್ಪ್ರಿಂಗಿನಂತೆ ಕೆಲಸ ಮಾಡುತ್ತದೆ, ಎಣ್ಣೆ ಹೆಚ್ಚಾದಷ್ಟೂ ಆ ಗಾಳಿಯ ಜಾಗ ಕಿರಿದಾಗಿ, ಚಲನೆಯ ಕೊನೆಯಲ್ಲಿ ಫೋರ್ಕು ಬಿಗಿಯುತ್ತದೆ. ಹೊಸ ಸೀಲಿನಲ್ಲಿ ಎಣ್ಣೆ ಜಿನುಗುತ್ತಿದೆಯೇ ಎಂದೂ ನೋಡಿ, ಅದು ಇಳಿದು ಬ್ರೇಕಿನ ಡಿಸ್ಕ್ ಅಥವಾ ಪ್ಯಾಡಿಗೆ ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ.

ಹಿಂದಿನ ಶಾಕ್‌ಗಳನ್ನು ಬದಲಿಸಬೇಕಾದ ಸಂದರ್ಭ ಯಾವುದೆಂದರೆ, ಸೀಟನ್ನು ಬಲವಾಗಿ ಒತ್ತಿ ಬಿಟ್ಟಾಗ ಹಿಂಭಾಗ ಒಮ್ಮೆ ಮೇಲೆದ್ದು ನಿಲ್ಲದೆ ಎರಡು ಮೂರು ಬಾರಿ ತೂಗಾಡಿದರೆ, ಅಥವಾ ಶಾಕ್‌ನ ಮೈಮೇಲೆ ಎಣ್ಣೆಯ ಜಿಡ್ಡು ಕಂಡರೆ. ಆಗ ಜೋಡಿಯಾಗಿಯೇ ಬದಲಿಸಿ.

ಪ್ರಶ್ನೆ: ನನ್ನ ಅಡ್ವೆಂಚರ್ ಬೈಕಿನಲ್ಲಿ ರೀಬೌಂಡ್ (ಶಾಕ್ ಚಾಚಿಕೊಳ್ಳುವಾಗಿನ ತಡೆ), ಕಂಪ್ರೆಷನ್ (ಕುಗ್ಗುವಾಗಿನ ತಡೆ) ಎರಡನ್ನೂ ಹೊಂದಿಸಬಹುದು. ಮೃದುವಾಗಲೆಂದು ಕಂಪ್ರೆಷನ್ ಪೂರ್ತಿ ಬಿಟ್ಟಿದ್ದೇನೆ, ಆದರೂ ಸಾಲು ಹಂಪ್‌ಗಳ ಮೇಲೆ ಕೊನೆಕೊನೆಗೆ ಗಡುಸಾಗುತ್ತದೆ.

ಉತ್ತರ: ಮೊದಲ ಹಂಪ್ ಮೆತ್ತಗೆ, ನಾಲ್ಕನೆಯದು ಗಡುಸು ಎಂದರೆ ಸಾಮಾನ್ಯವಾಗಿ ದೋಷ ರೀಬೌಂಡ್‌ನದು. ಅದು ಅತಿ ಬಿಗಿಯಾಗಿದ್ದಾಗ ಚಕ್ರ ಕೆಳಗಿಳಿಯುವಷ್ಟರಲ್ಲಿ ಮುಂದಿನ ಹಂಪ್ ಬಂದಿರುತ್ತದೆ, ಪ್ರತಿ ಹಂಪಿಗೂ ಬೈಕು ಸ್ವಲ್ಪ ಸ್ವಲ್ಪವೇ ಕುಗ್ಗಿಕೊಂಡು ಕೊನೆಗೆ ಚಲನೆಯೇ ಉಳಿಯುವುದಿಲ್ಲ. ರೀಬೌಂಡ್ ಸ್ಕ್ರೂವನ್ನು ಬಲಕ್ಕೆ ಕೊನೆಯವರೆಗೆ ಮೃದುವಾಗಿ ತಿರುಗಿಸುತ್ತಾ ಕ್ಲಿಕ್ಕುಗಳನ್ನು ಎಣಿಸಿ ಬರೆದುಕೊಳ್ಳಿ. ಆಮೇಲೆ ಕೈಪಿಡಿಯ ಸಂಖ್ಯೆಗೆ ಬಿಡಿಸಿ. ಕಂಪ್ರೆಷನ್ನನ್ನೂ ಕೈಪಿಡಿಯ ಸಂಖ್ಯೆಗೇ ಮರಳಿಸಿ. ಅಲ್ಲಿಂದ ರೀಬೌಂಡ್ ಮಾತ್ರ ಎರಡೆರಡು ಕ್ಲಿಕ್ ಸಡಿಲಿಸುತ್ತಾ, ಪ್ರತಿ ಬಾರಿಯೂ ಅದೇ ರಸ್ತೆಯ ಅದೇ ಸಾಲು ಹಂಪ್‌ಗಳ ಮೇಲೆ, ಅದೇ ವೇಗದಲ್ಲಿ ಓಡಿಸಿ ನೋಡಿ. ತಿರುವುಗಳಲ್ಲಿ ಬೈಕು ತೇಲಿದಂತೆ, ಉಯ್ಯಾಲೆಯಂತೆ ಅನಿಸತೊಡಗಿದರೆ ಎರಡು ಕ್ಲಿಕ್ ಹಿಂದಕ್ಕೆ ಬನ್ನಿ.